ದೋಣಿಯ ತಳದಲ್ಲಿ ಬೇಕೆಂದೇ ತೂತು ಬಿಡುವುದೇಕೆ? ಬಿರಡೆ ಕಿತ್ತು ಜೋರಾಗಿ ಓಡಿಸಿದರೆ ನೀರು ಹೊರಗೆ ಹೋಗುವುದು ನಿಜವೇ?

ಸ್ಪೀಡ್‌ಬೋಟ್ ಒಂದು ನೀರಿನ ಮೇಲೆ ಜೋರಾಗಿ ಓಡುತ್ತಿರುತ್ತದೆ. ಅದರ ಹಿಂಬದಿಯಲ್ಲಿ, ತಳಕ್ಕೆ ತೀರಾ ಹತ್ತಿರ, ಒಂದು ದುಂಡನೆಯ ತೂತು. ಓಡಿಸುವವರು ಅದರ ಬಿರಡೆಯನ್ನು ಕಿತ್ತುಬಿಡುತ್ತಾರೆ. ಹೊರಗಿನ ನೀರು ಒಳಗೆ ನುಗ್ಗಬೇಕಿತ್ತಲ್ಲ? ಆದರೆ ದೋಣಿಯೊಳಗೆ ನಿಂತಿದ್ದ ನೀರೇ ಹೊರಗೆ ಹರಿದು ಖಾಲಿಯಾಗುತ್ತದೆ. ಇಂಥ ವಿಡಿಯೋಗಳನ್ನು ನೀವೂ ನೋಡಿರಬಹುದು. ಅದರ ಜೊತೆಗೆ, ದೋಣಿಯಲ್ಲಿ ನೀರು ತುಂಬಿದರೆ ಹೆದರಬೇಡಿ, ಬಿರಡೆ ತೆಗೆದು ವೇಗ ಹೆಚ್ಚಿಸಿದರೆ ಸಾಕು ಎಂಬ ಸಲಹೆಯೂ ಓಡಾಡುತ್ತದೆ.

ವಿಡಿಯೋದಲ್ಲಿ ಕಾಣುವುದು ನಿಜ. ಆದರೆ ಅದರ ಜೊತೆಗೆ ಬರುವ ಸಲಹೆ ಜೀವಕ್ಕೆ ಅಪಾಯ ತರುವಂಥದ್ದು. ಎರಡೂ ಮಾತು ಒಟ್ಟಿಗೆ ಹೇಗೆ ನಿಜವಾಗುತ್ತವೆ? ಆ ತೂತು ದೋಣಿಯಲ್ಲಿ ಎಲ್ಲಿದೆ, ಏಕೆ ಅಲ್ಲೇ ಇದೆ ಎಂಬುದನ್ನು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ದೋಣಿಗೆ ತೂತು ಏಕೆ ಬೇಕು?

ದೋಣಿ ಎಂದರೆ ಒಂದು ದೊಡ್ಡ ಬಟ್ಟಲು. ಹೊರಗಿನ ನೀರು ಒಳಗೆ ಬಾರದಂತೆ ತಡೆಯುವುದು ಅದರ ಕೆಲಸ. ಆದರೆ ಬಟ್ಟಲಿಗೆ ಇನ್ನೊಂದು ಗುಣವೂ ಇದೆ: ಮೇಲಿನಿಂದ ಒಳಗೆ ಬಿದ್ದ ನೀರನ್ನು ಅದು ಹೊರಗೆ ಬಿಡುವುದಿಲ್ಲ. ಅಲೆ ಎರಚಿದ ನೀರು, ಬಲೆ ಎಳೆಯುವಾಗ ಬಂದ ನೀರು, ತೊಳೆದ ನೀರು, ಎಲ್ಲಕ್ಕಿಂತ ಹೆಚ್ಚಾಗಿ ಮಳೆ ನೀರು, ಎಲ್ಲವೂ ಒಳಗೇ ನಿಲ್ಲುತ್ತದೆ.

ಮಳೆಯ ಲೆಕ್ಕವನ್ನೇ ನೋಡಿ. 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತೆರೆದ ದೋಣಿಯ ಬಾಯಿಯ ವಿಸ್ತಾರ 6 ಚದರ ಮೀಟರ್. 100 ಮಿಲಿಮೀಟರ್ ಮಳೆ ಸುರಿದರೆ ಅದರೊಳಗೆ 600 ಲೀಟರ್ ನೀರು ಸೇರುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಂದರೆ 600 ಕಿಲೋ ಭಾರ. ಕರಾವಳಿಯ ಮಳೆಗಾಲದಲ್ಲಿ ಒಂದೇ ದಿನಕ್ಕೆ 100 ಮಿಲಿಮೀಟರ್ ಮಳೆ ಬೀಳುವುದು ಅಪರೂಪವೇನಲ್ಲ.

ಹಂಪಿಯ ತುಂಗಭದ್ರೆಯಲ್ಲಿ ಓಡಾಡುವ ಹರಿಗೋಲಿಗೆ ಈ ತಾಪತ್ರಯವಿಲ್ಲ. ಅದು ಹಗುರ. ದಡಕ್ಕೆ ಎಳೆದು ಬೋರಲು ಹಾಕಿದರೆ ಒಳಗಿನ ನೀರೆಲ್ಲ ಹೊರಗೆ. ಮಳೆ ಬಂದರೂ ಬೋರಲು ಹಾಕಿದ ಹರಿಗೋಲಿನೊಳಗೆ ನೀರು ನಿಲ್ಲುವುದಿಲ್ಲ. ಆದ್ದರಿಂದ ಅದಕ್ಕೆ ತೂತೂ ಬೇಡ, ಬಿರಡೆಯೂ ಬೇಡ. ಆದರೆ ಎಂಜಿನ್ ಕೂರಿಸಿದ, ನೂರಾರು ಕಿಲೋ ತೂಗುವ ಫೈಬರ್ ದೋಣಿಯನ್ನು ಬೋರಲು ಹಾಕುವುದು ಹೇಗೆ? ನೀರು ತುಂಬಿದ ಮೇಲಂತೂ ಅಲುಗಾಡಿಸಲೂ ಆಗದು. ಅದಕ್ಕಾಗಿಯೇ ತಯಾರಿಸುವವರು ತಳದಲ್ಲಿ ಒಂದು ತೂತು ಬಿಟ್ಟು, ಅದಕ್ಕೆ ಬಿರಡೆ ಕೊಡುತ್ತಾರೆ. ಡ್ರೇನ್ ಪ್ಲಗ್ ಎನ್ನುವುದು ಇದನ್ನೇ. ಮನೆಯ ಸಿಂಕ್‌ಗೆ, ನೀರಿನ ಟ್ಯಾಂಕಿನ ತಳಕ್ಕೆ ಇರುವಂಥದ್ದೇ ವ್ಯವಸ್ಥೆ.

ಇಲ್ಲಿ ಒಂದು ಮಾತನ್ನು ನೆನಪಿಡಿ. ಈ ತೂತು ಇರುವುದು ದೋಣಿ ದಡದ ಮೇಲೆ ಇರುವಾಗ ಬಳಸಲಿಕ್ಕೆ. ನೀರಿನ ಮೇಲೆ ಇರುವಾಗ ಬಳಸಲಿಕ್ಕಲ್ಲ.

ಹಿಂಬದಿಯಲ್ಲೇ ಏಕೆ? ಅಷ್ಟು ಕೆಳಗೇ ಏಕೆ?

ಎಂಜಿನ್ ಇರುವ ಹೆಚ್ಚಿನ ಚಿಕ್ಕ ದೋಣಿಗಳಲ್ಲಿ ಈ ತೂತು ಒಂದೇ ಕಡೆ ಇರುತ್ತದೆ. ದೋಣಿಯ ಹಿಂದಿನ ಚಪ್ಪಟೆ ಗೋಡೆಯ ನಡುಮಧ್ಯದಲ್ಲಿ, ತಳಕ್ಕೆ ತಾಗಿಕೊಂಡಂತೆ. ಈ ಹಿಂಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಎಂಜಿನ್ ತೂಗುಹಾಕುವುದೂ ಇದಕ್ಕೇ. ಈ ಜಾಗವನ್ನು ಆರಿಸಲು ನಾಲ್ಕು ಕಾರಣಗಳಿವೆ.

ಮೊದಲನೆಯದು, ನೀರು ಸೇರುವುದೇ ಅಲ್ಲಿ. ದೋಣಿಯ ಮೂತಿ ಮೇಲಕ್ಕೆ ಎದ್ದಿರುತ್ತದೆ, ಹಿಂಭಾಗ ಎಂಜಿನ್‌ನ ಭಾರಕ್ಕೆ ತಗ್ಗಿರುತ್ತದೆ. ತಳ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿದ್ದರೆ ನಡುವಿನ ಗೆರೆಯೇ ಅತ್ಯಂತ ತಗ್ಗು. ಈ ಎರಡೂ ಇಳಿಜಾರು ಸೇರುವ ಮೂಲೆ ಹಿಂಗೋಡೆಯ ಬುಡ. ನೀರು ಹೊರಹಾಕುವ ಪಂಪ್ ಇದ್ದರೆ ಅದನ್ನೂ ಕೂರಿಸುವುದು ಅದರ ಆಸುಪಾಸಿನಲ್ಲೇ.

ಎರಡನೆಯದು, ದಡಕ್ಕೆ ಎಳೆದಾಗ ದೋಣಿ ಅದೇ ಕಡೆಗೆ ವಾಲುತ್ತದೆ. ಮರಳ ದಂಡೆಗೆ ಮೂತಿ ಮುಂದಾಗಿ ಎಳೆದರೆ ಹಿಂಭಾಗ ನೀರಿನ ಕಡೆ, ಇಳಿಜಾರಿನಲ್ಲಿ ಕೆಳಗೆ ಇರುತ್ತದೆ. ಗಾಲಿ ಇರುವ ಟ್ರೇಲರ್ ಮೇಲೆ ಇಟ್ಟರೂ ಮುಂದಿನ ಜಾಕ್ ಎತ್ತಿದರೆ ಸಾಕು, ನೀರೆಲ್ಲ ಹಿಂದಕ್ಕೆ ಹರಿದು ಬರುತ್ತದೆ.

ಮೂರನೆಯದು, ತಳದ ಹಲಗೆಯಲ್ಲೇ ತೂತು ಬಿಟ್ಟರೆ ದೋಣಿಯನ್ನು ಮರಳು, ಕಲ್ಲುಗಳ ಮೇಲೆ ಎಳೆಯುವಾಗ ಬಿರಡೆಯೂ ಅದರ ಸುತ್ತಲಿನ ಲೋಹದ ಬಳೆಯೂ ಸವೆಯುತ್ತವೆ. ಹಿಂಗೋಡೆಯಲ್ಲಿ ಆ ಉಜ್ಜಾಟ ಇಲ್ಲ. ಕೈಗೂ ಸುಲಭವಾಗಿ ಸಿಗುತ್ತದೆ.

ನಾಲ್ಕನೆಯದು, ದೋಣಿ ಮುಂದೆ ಹೋಗುವಾಗ ಅದರ ಮುಂಭಾಗ ನೀರನ್ನು ಗುದ್ದುತ್ತದೆ. ಎದುರಿಗೆ ಮುಖ ಮಾಡಿದ ತೂತಿಗೆ ಆ ಗುದ್ದಿನ ಒತ್ತಡವೂ ಬೀಳುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಈ ಒತ್ತಡ, ಸುಮಾರು ಒಂದೂವರೆ ಮೀಟರ್ ಆಳದ ನೀರು ಕೊಡುವ ಒತ್ತಡಕ್ಕೆ ಸಮ. ಹಿಂದಕ್ಕೆ ಮುಖ ಮಾಡಿದ ತೂತಿಗೆ ಈ ಗುದ್ದು ತಾಗುವುದಿಲ್ಲ.

ಹಾಗಾದರೆ ತೂತನ್ನು ಎರಡು ಬೆರಳು ಮೇಲಕ್ಕೆ ಬಿಡಬಾರದೇ? ಬಿಡಬಹುದು. ಆದರೆ ಅಷ್ಟು ನೀರು ಎಂದಿಗೂ ಹೊರಗೆ ಹೋಗುವುದಿಲ್ಲ. ಮೂಲೆಯಲ್ಲಿ ನಿಂತ ಉಪ್ಪುನೀರು ಮೊಳೆ, ತಿರುಪುಗಳನ್ನು ತಿನ್ನುತ್ತದೆ, ಮರವನ್ನು ಕೊಳೆಸುತ್ತದೆ, ವಾಸನೆ ಬರುತ್ತದೆ, ಸೊಳ್ಳೆಗೂ ಮನೆಯಾಗುತ್ತದೆ. ಆದ್ದರಿಂದಲೇ ತೂತು ಆದಷ್ಟೂ ಕೆಳಗೆ.

ದಡದಲ್ಲಿ ಒಳ್ಳೆಯ ಜಾಗ, ನೀರಿನಲ್ಲಿ ಕೆಟ್ಟ ಜಾಗ

ಇಲ್ಲಿಯೇ ವಿಷಯದ ತಿರುಳಿದೆ. ಒಳಗಿನ ನೀರು ಪೂರ್ತಿ ಹೊರಹೋಗಬೇಕಾದರೆ ತೂತು ಅತ್ಯಂತ ತಗ್ಗಿನಲ್ಲಿರಬೇಕು. ಆದರೆ ಅದೇ ದೋಣಿ ತೇಲುತ್ತಿರುವಾಗ ಆ ತಗ್ಗಿನ ಜಾಗವೇ ಹೊರಗಿನ ನೀರಿನಲ್ಲಿ ಹೆಚ್ಚು ಆಳದಲ್ಲಿ ಮುಳುಗಿರುತ್ತದೆ. ತೂತು ಆಳಕ್ಕೆ ಹೋದಷ್ಟೂ ಒಳಬರುವ ನೀರಿನ ರಭಸ ಹೆಚ್ಚು.

ಈ ರಭಸದ ಲೆಕ್ಕವನ್ನು 17ನೇ ಶತಮಾನದಲ್ಲೇ ಇಟಲಿಯ ವಿಜ್ಞಾನಿ ಎವಾಂಜೆಲಿಸ್ಟಾ ಟಾರಿಚೆಲ್ಲಿ ಕಂಡುಕೊಂಡಿದ್ದರು. ವಾಯುಭಾರಮಾಪಕವನ್ನು ಕೊಟ್ಟವರೂ ಇವರೇ. ಅವರ ನಿಯಮವನ್ನು ಬಳಸಿ ನಾವೇ ಲೆಕ್ಕ ಹಾಕೋಣ. ತೂತಿನ ಅಡ್ಡಳತೆ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು ಎಂದುಕೊಳ್ಳಿ. ತೂತಿನ ಅಂಚಿನಲ್ಲಿ ಹರಿವು ಸ್ವಲ್ಪ ಕುಗ್ಗುವುದನ್ನೂ ಸೇರಿಸಿದರೆ ಸಿಗುವ ಅಂದಾಜು ಹೀಗಿದೆ:

- ತೂತು 15 ಸೆಂಟಿಮೀಟರ್ ಆಳದಲ್ಲಿದ್ದರೆ ನಿಮಿಷಕ್ಕೆ ಸುಮಾರು 30 ಲೀಟರ್
- 30 ಸೆಂಟಿಮೀಟರ್ ಆಳದಲ್ಲಿದ್ದರೆ ನಿಮಿಷಕ್ಕೆ ಸುಮಾರು 43 ಲೀಟರ್
- 60 ಸೆಂಟಿಮೀಟರ್ ಆಳದಲ್ಲಿದ್ದರೆ ನಿಮಿಷಕ್ಕೆ ಸುಮಾರು 60 ಲೀಟರ್

ನಿಮಿಷಕ್ಕೆ 43 ಲೀಟರ್ ಎಂದರೆ 15 ಲೀಟರಿನ ಬಕೆಟ್‌ನಲ್ಲಿ ಸುಮಾರು ಮೂರು ಬಕೆಟ್. ಹತ್ತು ನಿಮಿಷಕ್ಕೆ 430 ಲೀಟರ್. ಅಂದರೆ ದೋಣಿಗೆ ಗೊತ್ತಿಲ್ಲದೆಯೇ ಆರೇಳು ಜನ ಹತ್ತಿ ಕೂತಷ್ಟು ಭಾರ! ತೂತು ಎರಡು ಇಂಚು ಅಗಲವಿದ್ದರೆ ಈ ಲೆಕ್ಕವೆಲ್ಲ ನಾಲ್ಕು ಪಟ್ಟಾಗುತ್ತದೆ.

ಇನ್ನೂ ಒಂದು ತೊಂದರೆ ಇದೆ. ನೀರು ಸುಮ್ಮನೆ ಕೂರುವ ಸರಕಲ್ಲ. ದೋಣಿ ಬಲಕ್ಕೆ ಸ್ವಲ್ಪ ವಾಲಿದರೆ ಒಳಗಿನ ನೀರೆಲ್ಲ ಬಲಕ್ಕೆ ಓಡುತ್ತದೆ, ವಾಲಿಕೆ ಇನ್ನೂ ಹೆಚ್ಚುತ್ತದೆ. ತಟ್ಟೆಯಲ್ಲಿ ಸಾರು ತುಂಬಿಕೊಂಡು ನಡೆದು ನೋಡಿ, ಗೊತ್ತಾಗುತ್ತದೆ. ಎಷ್ಟೋ ಸಲ ದೋಣಿ ನೀರು ತುಂಬಿ ಮುಳುಗುವ ಮೊದಲೇ ಹೀಗೆ ವಾಲಿ ಮಗುಚಿಕೊಳ್ಳುತ್ತದೆ.

ಸ್ವಲ್ಪ ತುಂಬಿದ ಮೇಲೆ ನೀರು ತಾನೇ ನಿಲ್ಲುವುದಿಲ್ಲವೇ?

ಇದು ಬಹಳ ಜನ ಕೇಳುವ ಪ್ರಶ್ನೆ. ನೀರು ಎತ್ತರದ ಮಟ್ಟದಿಂದ ತಗ್ಗಿನ ಮಟ್ಟಕ್ಕೆ ಹರಿಯುತ್ತದೆ, ಎರಡೂ ಮಟ್ಟ ಸಮವಾದರೆ ನಿಲ್ಲುತ್ತದೆ. ಹಾಗಾದರೆ ದೋಣಿಯೊಳಗೆ ನೀರು ಏರುತ್ತಾ ಹೋದಂತೆ ಹೊರಗಿನ ಮಟ್ಟಕ್ಕೆ ಸಮವಾಗಿ ಹರಿವು ನಿಲ್ಲಬೇಕಲ್ಲ?

ನಿಲ್ಲುವುದಿಲ್ಲ. ಏಕೆಂದರೆ ಒಳಗೆ ನೀರು ಬಂದಷ್ಟೂ ದೋಣಿಯೇ ಕೆಳಗಿಳಿಯುತ್ತದೆ. ಮೇಲೆ ಹೇಳಿದ 6 ಚದರ ಮೀಟರ್ ವಿಸ್ತಾರದ ದೋಣಿಯನ್ನೇ ಒಂದು ಪೆಟ್ಟಿಗೆಯಂತೆ ಊಹಿಸಿಕೊಳ್ಳಿ. ಜನ, ಸಾಮಾನು ಎಲ್ಲ ಸೇರಿ 600 ಕಿಲೋ. ಅದು ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿ ತೇಲುತ್ತದೆ. ಈಗ ಒಳಗೆ 60 ಲೀಟರ್ ನೀರು ಬಂತು. ಒಳಗಿನ ಮಟ್ಟ 1 ಸೆಂಟಿಮೀಟರ್ ಏರಿತು. ಆದರೆ 60 ಕಿಲೋ ಭಾರ ಹೆಚ್ಚಾದ್ದರಿಂದ ದೋಣಿಯೂ 1 ಸೆಂಟಿಮೀಟರ್ ಇಳಿಯಿತು. ಒಳಗೂ ಹೊರಗೂ ಇರುವ ವ್ಯತ್ಯಾಸ ಮೊದಲಿನಂತೆಯೇ 10 ಸೆಂಟಿಮೀಟರ್! ಹರಿವು ನಿಧಾನವಾಗುವುದೇ ಇಲ್ಲ. ದೋಣಿಯ ಅಂಚು ನೀರಿನ ಮಟ್ಟಕ್ಕೆ ಬರುವ ತನಕ ಇದು ನಡೆಯುತ್ತಲೇ ಇರುತ್ತದೆ.

ಮನೆಯಲ್ಲೇ ಇದನ್ನು ನೋಡಬಹುದು. ಐಸ್‌ಕ್ರೀಮ್ ತರುವಂಥ ನೇರ ಗೋಡೆಯ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಮೊಳೆಯಿಂದ ಒಂದು ಸಣ್ಣ ತೂತು ಮಾಡಿ. ಒಳಗೆ ನಾಲ್ಕು ಬೆಣಚುಕಲ್ಲು ಹಾಕಿ ಬಕೆಟ್ ನೀರಿನಲ್ಲಿ ತೇಲಿಬಿಡಿ. ಕಲ್ಲುಗಳು ಮುಳುಗಿದ ಮೇಲೆ ಒಳಗಿನ ಮಟ್ಟ, ಹೊರಗಿನ ಮಟ್ಟ ಎರಡನ್ನೂ ಗಮನಿಸಿ. ಎರಡೂ ಏರುತ್ತವೆ, ಆದರೆ ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಪ್ರಯೋಗ.

ನಿಜವಾದ ದೋಣಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಬಂದ ನೀರು ಸಮನಾಗಿ ಹರಡದೆ ಹಿಂಭಾಗಕ್ಕೇ ಸೇರುತ್ತದೆ. ಹಿಂಭಾಗ ಇನ್ನಷ್ಟು ತಗ್ಗುತ್ತದೆ. ತೂತು ಇನ್ನಷ್ಟು ಆಳಕ್ಕೆ ಹೋಗುತ್ತದೆ. ಕೊನೆಗೆ ಎಂಜಿನ್ ಇರುವ ಹಿಂಗೋಡೆಯ ಮೇಲಿನಿಂದಲೇ ಅಲೆ ಒಳಗೆ ಬರುತ್ತದೆ.

ಹಾಗಾದರೆ ವಿಡಿಯೋದಲ್ಲಿ ನೀರು ಹೊರಹೋದದ್ದು ಹೇಗೆ?

ಹಗುರವಾದ ದೋಣಿ, ಶಕ್ತಿಯುತ ಎಂಜಿನ್ ಇದ್ದರೆ, ಒಂದು ವೇಗ ದಾಟಿದ ಮೇಲೆ ದೋಣಿ ನೀರನ್ನು ಸೀಳಿಕೊಂಡು ಹೋಗುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಚಪ್ಪಟೆ ಕಲ್ಲನ್ನು ಕೆರೆಗೆ ಅಡ್ಡವಾಗಿ ಬೀಸಿದರೆ ಅದು ಪುಟಿಯುತ್ತಾ ಹೋಗುತ್ತದಲ್ಲ, ಸುಮಾರು ಹಾಗೆ. ಆಗ ತಳದ ಕೆಳಗೆ ಹರಿಯುವ ನೀರು ಹಿಂಗೋಡೆಯ ಚೂಪು ಅಂಚಿಗೆ ಬಂದಾಗ ಮೇಲಕ್ಕೆ ತಿರುಗಲಾರದೆ ನೇರವಾಗಿ ಹಿಂದಕ್ಕೆ ಹೊರಟುಹೋಗುತ್ತದೆ. ಹಿಂಗೋಡೆ ಪೂರ್ತಿ ಒಣಗುತ್ತದೆ. ನಿಂತಾಗ ನೀರಿನೊಳಗಿದ್ದ ತೂತು ಈಗ ಗಾಳಿಯಲ್ಲಿದೆ! ಒಳಗೆ ನೀರಿದೆ, ಹೊರಗೆ ಗಾಳಿ ಇದೆ, ಆದ್ದರಿಂದ ನೀರು ಹೊರಗೆ ಹರಿಯುತ್ತದೆ. ಮಾಯವೇನೂ ಇಲ್ಲ. ವ್ಯತ್ಯಾಸ ತಲೆಕೆಳಗಾಗಿದೆ, ಅಷ್ಟೇ.

ಈಗ ಈ ಉಪಾಯ ಕೈಕೊಡುವುದು ಎಲ್ಲೆಲ್ಲಿ ಎಂದು ನೋಡಿ.

ಒಂದು, ನೀರು ತುಂಬಿದ ದೋಣಿ ಆ ವೇಗಕ್ಕೆ ಏರುವುದೇ ಇಲ್ಲ. 400 ಕಿಲೋ ನೀರು ಹೊತ್ತ ಚಿಕ್ಕ ದೋಣಿ ಮೂತಿ ಎತ್ತಿ, ಹಿಂಭಾಗ ಅದ್ದಿಕೊಂಡು ತಿಣುಕುತ್ತದೆ. ವೇಗ ಹೆಚ್ಚಿಸಿದ ಕೂಡಲೇ ಒಳಗಿನ ನೀರೆಲ್ಲ ಹಿಂದಕ್ಕೆ ನುಗ್ಗುತ್ತದೆ. ಬಸ್ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಹಾಗೆ. ಅಂದರೆ ಉಪಾಯ ನಿಜವಾಗಿ ಬೇಕಾದ ಹೊತ್ತಿನಲ್ಲೇ ಅದು ಕೆಲಸ ಮಾಡುವುದಿಲ್ಲ.

ಎರಡು, ಹೊರಹೋಗುವ ವೇಗ ಬಹಳ ಕಡಿಮೆ. ಒಳಗೆ 10 ಸೆಂಟಿಮೀಟರ್ ನೀರು ನಿಂತಿದ್ದರೆ ಒಂದಿಂಚಿನ ತೂತಿನಿಂದ ನಿಮಿಷಕ್ಕೆ 25 ಲೀಟರ್ ಮಾತ್ರ ಹೋಗುತ್ತದೆ. ನೀರು ಕಡಿಮೆಯಾದಂತೆ ಇದು ಇನ್ನೂ ನಿಧಾನ. ಒಬ್ಬರು ಬಕೆಟ್ ಹಿಡಿದು ಮೊಗೆದು ಹಾಕಿದರೆ ಇದಕ್ಕಿಂತ ಬೇಗ ಖಾಲಿಯಾಗುತ್ತದೆ.

ಮೂರು, ಎಂಜಿನ್ ನಿಂತರೆ ಕಥೆ ಮುಗಿಯಿತು. ವೇಗ ಇಳಿದ ಕ್ಷಣ ಹಿಂಗೋಡೆ ಮತ್ತೆ ನೀರಿಗೆ ಇಳಿಯುತ್ತದೆ. ದೋಣಿಯೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಬಡಿಯುತ್ತದೆ. ತೆರೆದ ತೂತು ಈಗ ಒಳಕ್ಕೆ ನೀರು ಬಿಡುತ್ತದೆ. ಬಿರಡೆ ಕೈಜಾರಿ ನೀರಿಗೆ ಬಿದ್ದಿದ್ದರೆ ಮುಚ್ಚಲು ಏನೂ ಇಲ್ಲ.

ನಾಲ್ಕು, ನಾವು ನೀವು ಹತ್ತುವ ಹೆಚ್ಚಿನ ದೋಣಿಗಳು ಆ ವೇಗಕ್ಕೆ ಹೋಗುವುದೇ ಇಲ್ಲ. ಹಿನ್ನೀರಿನಲ್ಲಿ ಮೆಲ್ಲಗೆ ಸಾಗುವ ಪ್ರವಾಸಿ ದೋಣಿ, ಹೊಳೆ ದಾಟಿಸುವ ದೋಣಿ, ಹುಟ್ಟು ಹಾಕುವ ದೋಣಿ, ಇವುಗಳ ಹಿಂಗೋಡೆ ಸದಾ ನೀರಿನಲ್ಲೇ ಇರುತ್ತದೆ. ಇವುಗಳಲ್ಲಿ ಬಿರಡೆ ತೆಗೆದರೆ ನೀರು ಒಳಕ್ಕೆ ಬರುತ್ತದೆಯೇ ಹೊರತು ಹೊರಕ್ಕಲ್ಲ.

ಓಟದ ಹಾಯಿದೋಣಿಗಳಲ್ಲಿ ಓಡುವಾಗಲೇ ನೀರು ಹೀರಿ ಹೊರಹಾಕುವ ಒಂದು ಸಾಧನ ಇದೆ. 1948ರಿಂದ 1960ರ ತನಕ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಡೆನ್ಮಾರ್ಕ್‌ನ ಪಾಲ್ ಎಲ್ವ್‌ಸ್ಟ್ರಾಮ್ ಅವರ ಹೆಸರಿನಲ್ಲೇ ಇದು ಪ್ರಸಿದ್ಧ. ತಳದಿಂದ ಸ್ವಲ್ಪ ಹೊರಚಾಚುವ ಪುಟ್ಟ ಬಾಯಿಯೊಂದು ಹಿಂದಕ್ಕೆ ತೆರೆದಿರುತ್ತದೆ. ಪಕ್ಕದಲ್ಲಿ ಹರಿಯುವ ನೀರು ಅಲ್ಲಿ ಒತ್ತಡ ತಗ್ಗಿಸಿ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಆದರೆ ಅದಕ್ಕೂ ನೀರು ಹಿಂದಿರುಗಿ ಬಾರದಂತೆ ಒಂದು ಮುಚ್ಚಳ ಇರುತ್ತದೆ. ವೇಗ ಕಡಿಮೆಯಾದರೆ ಹಾಯಿಗಾರರು ಅದನ್ನು ಮುಚ್ಚಿಬಿಡುತ್ತಾರೆ.

ತೂತಿನ ಸುತ್ತ ಇನ್ನೂ ಮೂರು ತಪ್ಪು ತಿಳಿವಳಿಕೆ

*ಕಯಾಕ್‌ನಲ್ಲಿ ತೂತುಗಳಿವೆ, ಆದರೂ ಮುಳುಗುವುದಿಲ್ಲ. ಆದ್ದರಿಂದ ತೂತು ಅಪಾಯವಲ್ಲ.* ಮೇಲೆ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ಕಯಾಕ್‌ಗಳಲ್ಲಿ ಕೂರುವ ಜಾಗದಿಂದ ಕೆಳಗಿನ ನೀರಿನ ತನಕ ಆರುಪಾರು ತೂತುಗಳಿರುತ್ತವೆ. ಆದರೆ ಅವು ಕಯಾಕ್‌ನ ಒಡಲಿಗೆ ತೆರೆದುಕೊಂಡಿಲ್ಲ. ಉದ್ದಿನ ವಡೆಯ ನಡುವಿನ ತೂತಿನಂತೆ, ಸುತ್ತ ಗೋಡೆ ಇರುವ ಕೊಳವೆಗಳು. ಒಡಲು ಪೂರ್ತಿ ಮುಚ್ಚಿದ ಗಾಳಿ ಡಬ್ಬಿ. ಕೂರುವ ಜಾಗವೂ ಸಾಮಾನ್ಯವಾಗಿ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ ಬಿದ್ದ ನೀರು ಕೆಳಗೆ ಇಳಿದುಹೋಗುತ್ತದೆ. ಅದೇ ಕಯಾಕ್‌ನ ತುದಿಯಲ್ಲಿ, ಒಡಲೊಳಗೆ ಸೇರಿದ ನೀರು ಬಸಿಯಲು ಪುಟ್ಟ ಬಿರಡೆ ಇರುತ್ತದೆ. ಅದನ್ನು ಬಿಚ್ಚಿಟ್ಟು ನೀರಿಗೆ ಇಳಿದರೆ ಒಡಲು ತುಂಬಿಕೊಳ್ಳುತ್ತದೆ. ಎರಡೂ ತೂತುಗಳೇ, ಆದರೆ ಎಲ್ಲಿಗೆ ತೆರೆಯುತ್ತವೆ ಎಂಬುದು ಮುಖ್ಯ.

*ಅಮೆರಿಕದಲ್ಲಿ ದೋಣಿಯ ಬಿರಡೆ ತೆಗೆಯದಿದ್ದರೆ ದಂಡ ಹಾಕುತ್ತಾರೆ.* ಅರ್ಧ ನಿಜ. ಮಿನ್ನೆಸೋಟದಂಥ ರಾಜ್ಯಗಳಲ್ಲಿ ಬಿರಡೆ ತೆಗೆದೇ ದೋಣಿ ಸಾಗಿಸಬೇಕೆಂಬ ಕಾನೂನು ಇದೆ. ಆದರೆ ಅದು ದೋಣಿಯನ್ನು ರಸ್ತೆಯ ಮೇಲೆ ಸಾಗಿಸುವಾಗ, ನೀರಿನ ಮೇಲಲ್ಲ. ಕಾರಣವೂ ಬೇರೆ. ಝೀಬ್ರಾ ಮಸೆಲ್ ಎಂಬ ಪರದೇಶಿ ಚಿಪ್ಪುಜೀವಿ 1988ರಲ್ಲಿ ಅಮೆರಿಕ ಮತ್ತು ಕೆನಡಾದ ನಡುವಿನ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡು ಅಲ್ಲಿಂದ ಎಲ್ಲೆಡೆ ಹಬ್ಬಿತು. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ದೋಣಿಯ ತಳದಲ್ಲಿ ಉಳಿದ ನೀರಿನ ಜೊತೆಗೇ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗಿಬಿಡುತ್ತವೆ. ಅದನ್ನು ತಡೆಯಲು ಈ ಕಾನೂನು. ಮುಂದಿನ ಕೆರೆಗೆ ಇಳಿಸುವ ಮೊದಲು ಬಿರಡೆಯನ್ನು ಮತ್ತೆ ಹಾಕಲೇಬೇಕು.

*ಫೈಬರ್ ದೋಣಿ ಮುಳುಗುವುದೇ ಇಲ್ಲ.* ಫೈಬರ್ ಎಂಬ ವಸ್ತು ನೀರಿಗಿಂತ ಭಾರ. ಅದಷ್ಟನ್ನೇ ನೀರಿಗೆ ಹಾಕಿದರೆ ಮುಳುಗುತ್ತದೆ. ಒಳಗೆ ನೊರೆಯಂಥ ಹಗುರ ಫೋಮ್ ತುಂಬಿದ್ದರೆ ಮಾತ್ರ ನೀರು ತುಂಬಿದರೂ ತೇಲುತ್ತದೆ. ಅಮೆರಿಕದ ಬೋಸ್ಟನ್ ವೇಲರ್ ಕಂಪನಿ 1961ರಲ್ಲಿ ಇದನ್ನೇ ತೋರಿಸಿತು. ಸಂಸ್ಥಾಪಕರು ಕೂತಿದ್ದ ದೋಣಿಯನ್ನು ನೀರಿನ ಮೇಲೆಯೇ ಗರಗಸದಿಂದ ಎರಡು ತುಂಡು ಮಾಡಿದ ಚಿತ್ರಗಳು ಲೈಫ್ ಪತ್ರಿಕೆಯಲ್ಲಿ ಬಂದವು. ತುಂಡಾದರೂ ಅದು ತೇಲುತ್ತಿತ್ತು. ಆದರೆ ಎಲ್ಲ ದೋಣಿಯಲ್ಲೂ ಹೀಗೆ ಫೋಮ್ ಇರುವುದಿಲ್ಲ. ಇದ್ದರೂ, ನೀರು ತುಂಬಿದ ದೋಣಿ ತೇಲುವುದು ಬೇರೆ, ಅದರೊಳಗಿನ ಜನ ಸುರಕ್ಷಿತವಾಗಿ ಇರುವುದು ಬೇರೆ.

ಬಿರಡೆ ಒಳಗಿನಿಂದಲೋ, ಹೊರಗಿನಿಂದಲೋ?

ತೂತಿನ ಜಾಗದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದು. ಕೆಲವು ದೋಣಿಗಳಲ್ಲಿ ತಿರುಪು ಬಿರಡೆಯನ್ನು ಹೊರಗಿನಿಂದ ಹಾಕಬೇಕು. ದಡದಲ್ಲಿ ನಿಂತವರಿಗೆ ಅದು ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಅದು ಲಾಭ. ಆದರೆ ಮರೆತು ನೀರಿಗೆ ಇಳಿಸಿದರೆ ಹಾಕಲು ಯಾರಾದರೂ ನೀರಿಗೇ ಇಳಿಯಬೇಕು. ಒಳಗಿನಿಂದ ಹಾಕುವ ಬಿರಡೆಯಾದರೆ ದೋಣಿಯಲ್ಲಿ ಕೂತೇ ಮುಚ್ಚಬಹುದು. ಹಿಡಿ ಮಡಚಿದರೆ ಉಬ್ಬಿ ಬಿಗಿಯಾಗುವ ರಬ್ಬರ್ ಬಿರಡೆಗಳನ್ನು ಹೀಗೆ ಒಳಗಿನಿಂದ ಹಾಕಬಹುದು. ಆದರೆ ಕಾಲು ತಾಗಿ, ಹಗ್ಗ ಸಿಕ್ಕಿ ಅದು ಸಡಿಲವಾಗದಂತೆ ನೋಡಿಕೊಳ್ಳಬೇಕು.

ದೋಣಿ ಇಟ್ಟುಕೊಂಡವರು ಇನ್ನೆರಡು ವಿಷಯ ಗಮನಿಸಬೇಕು. ಹಿತ್ತಾಳೆಯ ಬಿರಡೆ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದರೆ ಅದರಲ್ಲಿರುವ ಸತು ಕರಗಿಹೋಗಿ ಲೋಹ ಪೊಳ್ಳಾಗುತ್ತದೆ. ಬಣ್ಣ ಗುಲಾಬಿಗೆ ತಿರುಗಿ ಪುಡಿಪುಡಿಯಾಗುತ್ತಿದ್ದರೆ ಬದಲಾಯಿಸಿ. ಇನ್ನು ಅನೇಕ ಫೈಬರ್ ದೋಣಿಗಳ ಹಿಂಗೋಡೆಯೊಳಗೆ ಪ್ಲೈವುಡ್ ಇರುತ್ತದೆ. ತೂತಿನ ಒಳಅಂಚನ್ನು ಸರಿಯಾಗಿ ಮುಚ್ಚದಿದ್ದರೆ ಆ ಮರಕ್ಕೆ ನೀರು ಇಳಿದು, ಎಂಜಿನ್ ಹೊತ್ತ ಗೋಡೆಯೇ ಒಳಗಿನಿಂದ ಕೊಳೆಯುತ್ತದೆ. ಅನುಕೂಲವೆಂದು ಮನಸ್ಸಿಗೆ ಬಂದ ಕಡೆ ಹೊಸ ತೂತು ಕೊರೆಯಬಾರದು ಎನ್ನುವುದು ಇದಕ್ಕೇ.

ನಡುನೀರಿನಲ್ಲಿ ಬಿರಡೆ ಇಲ್ಲವೆಂದು ಗೊತ್ತಾದರೆ?

- ಎಲ್ಲರೂ ಮೊದಲು ಲೈಫ್ ಜಾಕೆಟ್ ಹಾಕಿಕೊಳ್ಳಿ. ಕಟ್ಟು ಬಿಗಿ ಮಾಡಿ.
- ತೂತಿಗೆ ಏನಾದರೂ ತುರುಕಿ. ಬಟ್ಟೆ, ಟವೆಲ್, ಚೂಪು ಮಾಡಿದ ಮರದ ತುಂಡು, ಚಪ್ಪಲಿಯ ರಬ್ಬರ್, ಯಾವುದಾದರೂ ಸರಿ. ಪೂರ್ತಿ ಮುಚ್ಚದಿದ್ದರೂ ಹರಿವು ತಗ್ಗುತ್ತದೆ.
- ಹಿಂದೆ ಕೂತವರು ಒಬ್ಬೊಬ್ಬರಾಗಿ, ಬಗ್ಗಿಕೊಂಡು, ನಡುಭಾಗಕ್ಕೆ ಅಥವಾ ಸ್ವಲ್ಪ ಮುಂದಕ್ಕೆ ಸರಿಯಿರಿ. ಹಿಂಭಾಗ ಎದ್ದಷ್ಟೂ ತೂತಿನ ಆಳ ಕಡಿಮೆ. ಎಲ್ಲರೂ ಒಟ್ಟಿಗೆ ಏಳಬೇಡಿ, ದೋಣಿ ಮಗುಚುತ್ತದೆ.
- ಬಕೆಟ್, ಡಬ್ಬ, ಅರ್ಧ ಕತ್ತರಿಸಿದ ಕ್ಯಾನ್, ಸಿಕ್ಕಿದ್ದರಲ್ಲಿ ನೀರು ಮೊಗೆದು ಹಾಕುತ್ತಿರಿ.
- ಹತ್ತಿರದ ದಡಕ್ಕೆ ಹೊರಡಿ. ಹೊರಟ ಜಾಗಕ್ಕೇ ಮರಳಬೇಕೆಂದಿಲ್ಲ.
- ಸಹಾಯಕ್ಕೆ 112ಕ್ಕೆ ಕರೆ ಮಾಡಿ. ಸಮುದ್ರದಲ್ಲಿದ್ದರೆ ಕರಾವಳಿ ಕಾವಲು ಪಡೆಯ 1554.
- ದೋಣಿ ನೀರು ತುಂಬಿಯೂ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಂಡಿತೆಂದು ಈಜಲು ಹೊರಡಬೇಡಿ. ಹುಡುಕಿ ಬರುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಪ್ರವಾಸಕ್ಕೆ ಹೋದಾಗ ನಾವು ಏನು ನೋಡಬೇಕು?

ದೋಣಿ ಹತ್ತುವ ಮೊದಲು ಒಂದು ನಿಮಿಷ ಸಾಕು. ಕಾಲಡಿಯಲ್ಲಿ ನೀರು ನಿಂತಿದೆಯೇ? ನೀರು ಮೊಗೆಯಲು ಬಕೆಟ್ ಅಥವಾ ಡಬ್ಬ ಇದೆಯೇ? ತಲೆಗೊಂದು ಲೈಫ್ ಜಾಕೆಟ್ ಇದೆಯೇ? ಅಣ್ಣಾ, ಹಿಂದಿನ ಬಿರಡೆ ಹಾಕಿದ್ದೀರಾ ಎಂದು ದೋಣಿಯವರನ್ನು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಹೋಗುತ್ತಾ ಹೋಗುತ್ತಾ ಹಿಂಭಾಗ ತಗ್ಗುತ್ತಿದೆ, ದೋಣಿ ತಿರುಗಲು ತಡಮಾಡುತ್ತಿದೆ, ಪಾದಕ್ಕೆ ನೀರು ತಾಗುತ್ತಿದೆ ಎನಿಸಿದರೆ ಕೂಡಲೇ ಹೇಳಿ. ನೆಲದ ಹಲಗೆಯ ಕೆಳಗೆ ತುಂಬುವ ನೀರು ಕಣ್ಣಿಗೆ ಬೀಳುವ ಹೊತ್ತಿಗೆ ನೂರಾರು ಲೀಟರ್ ಆಗಿರಬಹುದು.

ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ರಜೆ. ಆ ದಿನಗಳಲ್ಲಿ ದಡಕ್ಕೆ ಎಳೆದಿಟ್ಟ ಚಿಕ್ಕ ದೋಣಿಗಳ ಬಿರಡೆ ಬಿಚ್ಚಿಡುವುದು ಸರಿಯಾದ ಕ್ರಮವೇ, ಇಲ್ಲದಿದ್ದರೆ ಮಳೆ ನೀರು ತುಂಬುತ್ತದೆ. ಆದರೆ ಬಿಚ್ಚಿದ ಬಿರಡೆಯನ್ನು ಮನೆಯ ಮೂಲೆಯಲ್ಲಿ ಇಡಬೇಡಿ. ಎಂಜಿನ್‌ನ ಹಿಡಿಗೋ ಕೀಲಿಗೋ ದಾರ ಹಾಕಿ ಕಟ್ಟಿಬಿಡಿ. ಎಂಜಿನ್ ಚಾಲೂ ಮಾಡಲು ಹೋದಾಗ ಅದು ಕೈಗೆ ತಾಗುತ್ತದೆ, ನೆನಪಾಗುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ದೋಣಿಯ ಹಿಂದೆ ತಳದಲ್ಲಿರುವ ತೂತು ದಡದಲ್ಲಿ ನೀರು ಬಸಿಯಲಿಕ್ಕೆ. ನೀರಿಗೆ ಇಳಿಸುವ ಮೊದಲು ಬಿರಡೆ ಹಾಕಿ, ದಡಕ್ಕೆ ಎಳೆದ ಮೇಲೆ ತೆಗೆಯಿರಿ. ಬಿರಡೆ ತೆಗೆದು ಓಡಿಸಿದರೆ ನೀರು ಹೊರಹೋಗುವುದು ಹಗುರ ದೋಣಿ ಅತಿವೇಗದಲ್ಲಿ ಜಾರುವಾಗ ಮಾತ್ರ. ನೀರು ತುಂಬಿದ ದೋಣಿಯಲ್ಲಿ, ನಿಧಾನ ಹೋಗುವ ದೋಣಿಯಲ್ಲಿ ಅದೇ ತೂತು ನಿಮಿಷಕ್ಕೆ ಎರಡು ಮೂರು ಬಕೆಟ್ ನೀರು ಒಳಗೆ ಬಿಡುತ್ತದೆ. ದೋಣಿಯಲ್ಲಿ ನೀರು ಕಂಡರೆ ಮೊದಲು ಲೈಫ್ ಜಾಕೆಟ್, ಆಮೇಲೆ ತೂತು ಮುಚ್ಚುವುದು, ಆಮೇಲೆ ನೀರು ಮೊಗೆಯುವುದು.